ಜಾಣೆಯ ಉತ್ತರಗಳು

ಹಡಪಸರ ದಾಟಿದ ಮೇಲೆ ಹೊಸ ಕಟ್ಟಡಗಳು ಏಳುತ್ತಿರುವ ಕಡೆ, ಒಂದು ಕಾಮಗಾರಿಯ ಜಾಗದಲ್ಲಿ ನಾನು ಏಳು ವಾರ ಜನರನ್ನು ಪ್ರಶ್ನೆ ಕೇಳಿದೆ. ಪುಣೆಯ ಒಂದು ಕಾಲೇಜಿನ ಮನಶ್ಶಾಸ್ತ್ರ ವಿಭಾಗದವರು ವಲಸೆ ಕಾರ್ಮಿಕರ ಮೇಲೆ ಅಧ್ಯಯನ ಹಿಡಿದಿದ್ದರು. ಮನುಷ್ಯನ ಸ್ವಭಾವಕ್ಕೂ ಬುದ್ಧಿಶಕ್ತಿಗೂ ಅವನ ಮನಸ್ಸು ಕುಸಿಯುವುದಕ್ಕೂ ಏನು ಸಂಬಂಧ ಎಂಬುದು ಅವರ ವಿಷಯ. ಆ ಕಟ್ಟಡದ ಕೂಲಿಕಾರರಲ್ಲಿ ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯವರು. ಕನ್ನಡದಲ್ಲಿ ಕೇಳಬಲ್ಲವರೊಬ್ಬರು ಬೇಕಾಗಿತ್ತು, ವಿಜಯಪುರದ ಮೂಲದ ನಾನು ಸಿಕ್ಕೆ. ಕೋಥರೂಡದ ಮನೆಯಿಂದ ಬೆಳಿಗ್ಗೆ ಎರಡು ಬಸ್ಸು ಬದಲಿಸಿ, ಹೆಗಲಿಗೆ ಒಂದು ಚೀಲ, ಕೈಯಲ್ಲಿ ಒಂದು ಫೈಲು ಹಿಡಿದು ಅಲ್ಲಿ ಇಳಿಯುತ್ತಿದ್ದೆ.

ಕೂತು ಕೇಳಲು ಕೊಟ್ಟಿದ್ದು ಕೂಸುಗಳನ್ನು ನೋಡಿಕೊಳ್ಳುವ ತಗಡಿನ ಶೆಡ್ಡಿನ ಅರ್ಧ ಭಾಗ. ನಡುವೆ ಒಂದು ಸೀರೆ ಕಟ್ಟಿದ್ದರು. ಆಚೆ ಮಕ್ಕಳ ಅಳು, ಈಚೆ ನನ್ನ ಪ್ರಶ್ನೆ. ಒಬ್ಬೊಬ್ಬರಿಗೆ ಒಂದೂವರೆ ತಾಸು ಬೇಕಾಗುತ್ತಿತ್ತು. ಮೊದಲು ಸ್ವಭಾವದ ಪ್ರಶ್ನೆಗಳು: ಜನರೊಂದಿಗೆ ಬೆರೆಯುವುದು ಇಷ್ಟವೇ, ಹಿಡಿದ ಕೆಲಸ ಮುಗಿಸುತ್ತೀರಾ, ಸಣ್ಣದಕ್ಕೂ ಚಿಂತೆ ಹತ್ತುತ್ತದೆಯೇ, ಇಂಥವು. ಆಮೇಲೆ ಬುದ್ಧಿಯ ಪರೀಕ್ಷೆ: ಕೆಂಪು ಬಿಳಿ ಬಣ್ಣದ ಮರದ ಘನಗಳನ್ನು ಜೋಡಿಸಿ, ಕಾರ್ಡಿನಲ್ಲಿರುವ ಆಕೃತಿ ಮಾಡಬೇಕು. ನಾನು ಸ್ಟಾಪ್‌ವಾಚ್ ಹಿಡಿದು ಕೂರಬೇಕು. ಕೊನೆಗೆ ಕಳೆದ ಎರಡು ವಾರದ ಮನಸ್ಥಿತಿಯ ಬಗ್ಗೆ ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ ಇಲ್ಲ, ಒಮ್ಮೊಮ್ಮೆ, ಭಾಳ ದಿನ, ದಿನಾಲೂ ಎಂಬ ನಾಲ್ಕರಲ್ಲಿ ಒಂದು ಉತ್ತರ. ನಾಲ್ಕನೆಯದು ದಣಿವಿನದು. ಒಂಬತ್ತನೆಯದು, ಸತ್ತರೆ ಚೆನ್ನಾಗಿತ್ತು ಎಂದು ಅನ್ನಿಸಿದೆಯೇ ಎಂಬುದು. ಮೊತ್ತ ಒಂದು ಮಿತಿ ದಾಟಿದರೆ, ಅಥವಾ ಒಂಬತ್ತನೆಯದಕ್ಕೆ ಇಲ್ಲ ಎನ್ನುವುದರ ಹೊರತು ಬೇರೇನು ಬಂದರೂ, ಅದೇ ದಿನ ಹಳದಿ ಚೀಟಿ ಬರೆದು ನಮ್ಮ ತಂಡದ ಮನೋವೈದ್ಯರ ಬಳಿ ಕಳಿಸಬೇಕು. ಈ ನಿಯಮದಲ್ಲಿ ರಿಯಾಯಿತಿ ಇರಲಿಲ್ಲ.

ತರಬೇತಿಯಲ್ಲಿ ಈ ಪ್ರಶ್ನೆಗಳನ್ನು ಮೊದಲು ನಮ್ಮ ಮೇಲೇ ಪ್ರಯೋಗಿಸಿದ್ದರು. ಚಿಂತೆಯ ಗುಣದಲ್ಲಿ ಇಡೀ ತಂಡಕ್ಕೆ ನಾನೇ ಮೊದಲಿಗಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ತಿರುಗಿ ಹೋಗುವ ಜಾತಿ ನನ್ನದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಧ್ಯಯನ ನಡೆಸುತ್ತಿದ್ದ ಪ್ರಾಧ್ಯಾಪಕಿ ಮಾತ್ರ ನಗದೆ, "ಚಿಂತೆ ಮಾಡುವವರೇ ಈ ಕೆಲಸಕ್ಕೆ ಒಳ್ಳೆಯವರು, ಎರಡು ಸಲ ಪರಿಶೀಲಿಸುತ್ತಾರೆ," ಎಂದು ಮರಾಠಿಯಲ್ಲಿ ಹೇಳಿದರು. ಆ ಮಾತಿಗೆ ಉಬ್ಬಿದ್ದೆ. ಎಲ್ಲಿ ಎರಡು ಸಲ ಪರಿಶೀಲಿಸಬೇಕಾಗಿತ್ತೋ ಅಲ್ಲಿ ಒಂದು ಸಲವೂ ಮಾಡಲಿಲ್ಲ.

ಮೊದಲ ಎಡವಟ್ಟು ಲೋಟಗಳದು. ಸ್ವಭಾವದ ಪ್ರಶ್ನೆಗಳಲ್ಲಿ ಓದು ಬಾರದವರಿಗೆ 'ಎಷ್ಟು' ಎಂಬುದನ್ನು ತೋರಿಸಲು ಐದು ಸ್ಟೀಲಿನ ಲೋಟ ಇಟ್ಟೆ. ಒಂದು ಖಾಲಿ, ಒಂದರಲ್ಲಿ ಸ್ವಲ್ಪ ನೀರು, ಹೀಗೆ ಏರುತ್ತ ಕೊನೆಯದು ಪೂರ್ತಿ ತುಂಬಿದ್ದು. ಸರಿಯಾದ ಲೋಟ ಮುಟ್ಟಿ ಎಂದೆ. ಹೆಣ್ಣುಮಕ್ಕಳು ಯಾರೂ ಖಾಲಿ ಲೋಟ ಮುಟ್ಟಲಿಲ್ಲ. "ನಿಮಗೆ ಸಿಟ್ಟು ಬರ್ತದ?" ಎಂದರೆ ತುಂಬಿದ್ದು, "ನೀವು ನಗ್ತಾ ಇರ್ತೀರಿ?" ಎಂದರೂ ತುಂಬಿದ್ದು. ಮೂರನೆಯ ದಿನ ಒಬ್ಬ ಮುದುಕಿ ಬಾಯಿ ಬಿಟ್ಟು ಹೇಳಿದಳು: "ಮುಂಜಾನೆ ಮುಂಜಾನೆ ಬರೇ ಲೋಟ ಮುಂದಿಟ್ಟು ಮುಟ್ಟು ಅಂತೀರಲ್ಲ ಅಕ್ಕೋರ, ನಮಗ ಒಳ್ಳೇದಾಗಬ್ಯಾಡೇನು?" ಖಾಲಿ ಕೊಡ ಎದುರು ಬಂದರೆ ಹೊರಟ ಕೆಲಸ ನಿಲ್ಲಿಸುತ್ತಿದ್ದ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ನನಗೇ ಹೊಳೆಯಬೇಕಾಗಿತ್ತು. ಮೂರು ದಿನದ ಹಾಳೆ ರದ್ದು ಮಾಡಿ, ಲೋಟ ಚೀಲಕ್ಕೆ ಹಾಕಿ, ಬಾಯಿಮಾತಿನಲ್ಲೇ ಮತ್ತೆ ಶುರು ಮಾಡಿದೆ.

ಎರಡನೆಯ ತಪ್ಪು ಯಾರಿಗೂ ಕಾಣಲಿಲ್ಲ, ನನಗೂ ಕೂಡ. ಶುರುವಿನಲ್ಲಿ ಒಪ್ಪಿಗೆ ಪತ್ರ ಓದಿ ಹೇಳಬೇಕಿತ್ತು. ಅದರಲ್ಲಿ ಒಂದು ಉದ್ದ ವಾಕ್ಯ: ನೀವು ಹೇಳಿದ ವಿಷಯ ಗೌಪ್ಯವಾಗಿರುತ್ತದೆ, ಆದರೆ ನಿಮ್ಮ ಅಥವಾ ಇತರರ ಜೀವಕ್ಕೆ ಅಪಾಯವಿದೆ ಎಂದು ಕಂಡುಬಂದರೆ ವೈದ್ಯರಿಗೆ ತಿಳಿಸಲಾಗುತ್ತದೆ. 'ಆದರೆ' ಬರುವಷ್ಟರಲ್ಲಿ ಎದುರಿಗಿದ್ದವರ ಕಣ್ಣು ಸೀರೆಯಾಚೆಯ ಕೂಸಿನ ಕಡೆ ಹೋಗಿರುತ್ತಿತ್ತು. ಎರಡನೆಯ ವಾರದ ಹೊತ್ತಿಗೆ ನಾನು ಅದನ್ನು ಮೊಟಕು ಮಾಡಿಬಿಟ್ಟಿದ್ದೆ: "ನೀವು ಹೇಳಿದ್ದು ನಮ್ಮಲ್ಲೇ ಇರ್ತದ." ಅಷ್ಟೇ. ಹೆಬ್ಬೆಟ್ಟು ಒತ್ತಿಸಿ ಮುಂದೆ ಹೋಗುತ್ತಿದ್ದೆ.

ಆ ವಾರವೇ ಆಕೆ ಬಂದಳು. ಮೂವತ್ತರ ಆಸುಪಾಸು, ಯಾದಗಿರಿಯ ಕಡೆಯ ಒಂದು ಹಳ್ಳಿ, ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡ ಕಬ್ಬಿಣ ಬಾಗಿಸುವವನು, ಈಕೆ ಟೈಲ್ಸ್ ಕೂರಿಸುವ ಮಿಸ್ತ್ರಿಯ ಕೈಕೆಳಗೆ. ಘನಗಳನ್ನು ಮುಂದಿಟ್ಟೆ. ಕಾರ್ಡನ್ನು ಒಂದು ಸಲ ನೋಡಿ, ಆಮೇಲೆ ಅದರ ಕಡೆ ತಿರುಗಿಯೂ ನೋಡದೆ ಜೋಡಿಸಿದಳು. ಕೊನೆಯ ಆಕೃತಿಗಳಲ್ಲಿ ಗೆರೆಗಳು ಇರುವುದಿಲ್ಲ, ಯಾವ ಘನ ಎಲ್ಲಿ ಮುಗಿಯುತ್ತದೆಂದು ತಾನೇ ಊಹಿಸಬೇಕು. ಕಾಲೇಜಿನ ಹುಡುಗರೂ ಅಲ್ಲಿ ತಿಣುಕುತ್ತಾರೆ. ಆಕೆ ಮುಗಿಸಿ ಕೈಕಟ್ಟಿ ಕೂತಾಗ ನನ್ನ ಸ್ಟಾಪ್‌ವಾಚ್ ಕೆಟ್ಟಿದೆಯೇನೋ ಎಂದುಕೊಂಡೆ.

"ಇದೇನ್ರಿ ಅಕ್ಕೋರ, ಟೈಲ್ಸ್ ಇದ್ದಂಗ ಅದಾವ," ಎಂದಳು. "ನಮ್ಮ ಮಿಸ್ತ್ರಿ ಬಾತ್ರೂಮ್ ತೋರ್ಸಿ ಎಷ್ಟು ಬೇಕಾಗ್ತಾವ ಅಂತ ಕೇಳ್ತಾನ. ನೋಡಿ ಹೇಳ್ತೀನಿ. ಒಂದೂ ಒಡದು ಹಾಳಾಗಂಗಿಲ್ಲ."

ಜಾಣರೆಂದರೆ ನನಗೆ ಮೊದಲಿನಿಂದಲೂ ಒಂದು ಪಕ್ಷಪಾತ. ಜಾಣರು ಹೇಗಾದರೂ ಪಾರಾಗುತ್ತಾರೆ ಎಂದು ನಂಬಿದವಳು ನಾನು. ಅಧ್ಯಯನದ ಊಹೆಯೂ ಸುಮಾರಾಗಿ ಹಾಗೆಯೇ ಇತ್ತು: ಚಿಂತೆಯ ಸ್ವಭಾವದವರು ಬೇಗ ಕುಗ್ಗುತ್ತಾರೆ, ಬುದ್ಧಿ ಇದ್ದರೆ ತಡೆದುಕೊಳ್ಳುತ್ತಾರೆ. ಆಕೆಯ ಸ್ವಭಾವದ ಹಾಳೆಯಲ್ಲಿ ಚಿಂತೆಯ ಅಂಕ ನನ್ನಷ್ಟೇ ಮೇಲಿತ್ತು. ಆದರೆ ಕೊನೆಯ ಒಂಬತ್ತಕ್ಕೆ ಇಲ್ಲ, ಇಲ್ಲ, ಇಲ್ಲ. ನಾಲ್ಕನೆಯ ದಣಿವಿಗೆ ಮಾತ್ರ ಒಮ್ಮೊಮ್ಮೆ. ನೋಡು, ಬುದ್ಧಿ ಹೇಗೆ ಕಾಪಾಡುತ್ತದೆ ಎಂದುಕೊಂಡು ಖುಷಿಯಿಂದ ಹಾಳೆ ಮಡಚಿದೆ. ಏಳುವಾಗ ಆಕೆ ಕೇಳಿದಳು: "ಎಲ್ಲಾ ಬರೋಬರಿ ಹೇಳಿದ್ನಿಲ್ರಿ?" ಇದರಲ್ಲಿ ಸರಿ ತಪ್ಪು ಇಲ್ಲ ಎಂದು ನಿಯಮದ ಮಾತನ್ನು ನಿಯಮದಂತೆ ಹೇಳಿದೆ. ನಮ್ಮ ಕಡೆ ಅಕ್ಕೋರು ಎಂದರೆ ಶಾಲೆಯ ಟೀಚರು. ಟೀಚರು ಪ್ರಶ್ನೆ ಕೇಳಿದ ಮೇಲೆ ಸರಿ ಉತ್ತರ ಇರಲೇಬೇಕಲ್ಲ ಎಂಬುದು ನನಗೆ ತಟ್ಟಲಿಲ್ಲ.

ನಾಲ್ಕನೆಯ ವಾರ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುತ್ತ ಕೂತಿದ್ದೆ. ಮೊದಲ ವಾರದವರ ಉತ್ತರಗಳು ಚದುರಿಕೊಂಡಿದ್ದವು. ಯಾರದ್ದೋ ನಿದ್ದೆ ಕೆಟ್ಟಿದೆ, ಯಾರಿಗೋ ಊಟ ಸೇರುವುದಿಲ್ಲ, ಒಬ್ಬೊಬ್ಬರದು ಒಂದೊಂದು ರೀತಿ. ಎರಡನೆಯ ವಾರದ ನಡುವಿನಿಂದ ಎಲ್ಲ ಹೆಣ್ಣುಮಕ್ಕಳೂ ಒಂದೇ ಥರ. ಎಂಟು ಪ್ರಶ್ನೆಗೆ ಇಲ್ಲ, ನಾಲ್ಕನೆಯದಕ್ಕೆ ಒಮ್ಮೊಮ್ಮೆ. ಸಾಲು ಸಾಲಾಗಿ ಅದೇ. ನಾನೇ ತಪ್ಪು ಏರಿಸಿದೆನೇ ಎಂದು ಕಾಗದ ತೆಗೆದು ನೋಡಿದೆ. ಕಾಗದದಲ್ಲೂ ಅದೇ ಇತ್ತು.

ಮರುದಿನ ಬೇಗ ಹೋದೆ. ನೀರಿನ ಟ್ಯಾಂಕರಿನ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾಲ್ಕೈದು ಹೆಣ್ಣುಮಕ್ಕಳು ಕೂತಿದ್ದರು. ಅವತ್ತು ನನ್ನ ಬಳಿ ಬರಬೇಕಾದವರು. ನಡುವೆ ಆಕೆ ಕೂತು ಹೇಳಿಕೊಡುತ್ತಿದ್ದಳು.

"ಎಲ್ಲಾದಕೂ ಇಲ್ಲ ಅನಬ್ಯಾಡ್ರೆ. ಇಲ್ಲ ಇಲ್ಲ ಅಂದ್ರ ಸುಳ್ಳ ಅಂತ ತಿಳೀತದ. ನಾಕನೇದು ಮೈ ದಣಿತದ ಏನು ಅಂತಾರ. ಅದಕ್ಕ ಒಮ್ಮೊಮ್ಮೆ ಅನ್ರಿ. ದಿನಾ ಇಟ್ಟಂಗಿ ಹೊರೋರಿಗೆ ದಣಿವಿಲ್ಲಂದ್ರ ಯಾರು ನಂಬ್ತಾರ?"

ನನ್ನನ್ನು ನೋಡಿ ಎಲ್ಲರೂ ಎದ್ದರು. ಆಕೆ ಏಳಲಿಲ್ಲ, ಸೋಪು ತಿಕ್ಕುತ್ತಲೇ ಇದ್ದಳು.

ನಾನು ಬೈಯಲಿಲ್ಲ. ಅವತ್ತು ಯಾರನ್ನೂ ಕರೆಯದೆ, ಮಧ್ಯಾಹ್ನದ ಊಟದ ಹೊತ್ತಿಗೆ ಆಕೆಯನ್ನು ಹುಡುಕಿಕೊಂಡು ಹೋದೆ. ಏಳನೆಯ ಮಜಲಿನ ಒಂದು ಬಾತ್ರೂಮಿನಲ್ಲಿ ಒಬ್ಬಳೇ ಕೂತು, ಸಿಮೆಂಟು ಹಾಕುವ ಮೊದಲು ಟೈಲ್ಸ್‌ಗಳನ್ನು ನೆಲದ ಮೇಲೆ ಹಾಗೇ ಜೋಡಿಸಿ ನೋಡುತ್ತಿದ್ದಳು. ಹೊಸ್ತಿಲ ಮೇಲೆ ಕೂತೆ. ಕೈಯಲ್ಲಿ ಫೈಲು ಇರಲಿಲ್ಲ.

"ಯಾಕ ಹಿಂಗ ಮಾಡ್ದಿ?" ಎಂದೆ.

"ನಿಮ್ಮ ಹಳದಿ ಚೀಟಿ ತಗೊಂಡ್ ಹೋದವ್ರು ಎಲ್ಲದಾರ್ರಿ ಈಗ?"

ಮೊದಲ ವಾರ ಮೂವರಿಗೆ ಚೀಟಿ ಬರೆದಿದ್ದೆ. ಮೂವರ ಹೆಸರಿನ ಮುಂದೆಯೂ 'ಸ್ಥಳ ಬಿಟ್ಟಿದ್ದಾರೆ' ಎಂದು ನಾನೇ ಬರೆದುಕೊಂಡಿದ್ದೆ. ಕಟ್ಟಡದ ಕೂಲಿಕಾರರು ಜಾಗ ಬದಲಿಸುತ್ತಲೇ ಇರುತ್ತಾರೆ, ಇದೂ ಹಾಗೆ ಎಂದುಕೊಂಡಿದ್ದೆ. ಆಕೆ ಬಿಡಿಸಿ ಹೇಳಿದಳು. ಡಾಕ್ಟರು ಗುಳಿಗೆ ಕೊಟ್ಟು, ತಲೆ ಸುತ್ತಬಹುದು, ಎತ್ತರದಲ್ಲಿ ಕೆಲಸ ಬೇಡ ಎಂದು ಬರೆದರು. ಆ ಕಾಗದವನ್ನು ಮುಕಾದಮ ಓದಿದ. ಜನರನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವವನು ಅವನೇ. ಎರಡು ದಿನ ಕೆಳಗೆ ಕಸ ಹೊಡೆಸಿ, ಮೂರನೆಯ ದಿನ ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಕರೆದೊಯ್ದು ಊರಿನ ಬಸ್ಸು ಹತ್ತಿಸಿದ. ನನ್ನ ಚೀಟಿಯ ದಾರಿ ಅಲ್ಲಿಗೆ ಮುಟ್ಟುತ್ತಿತ್ತು. ಒಂದು ವಾರದಲ್ಲಿ ಇದನ್ನು ಅರ್ಥ ಮಾಡಿಕೊಂಡವಳು ಆಕೆ ಒಬ್ಬಳೇ. ನಾಲ್ಕು ವಾರವಾದರೂ ಅರ್ಥ ಮಾಡಿಕೊಳ್ಳದವಳು ನಾನು.

"ಹಂಗಾರ ನಿಂದು ಖರೇ ಉತ್ತರ ಏನು?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಟೈಲ್ಸ್ ಸರಿಪಡಿಸಿದಳು. "ನೀವು ಯಾರ್ ಮುಂದೂ ಹೇಳಂಗಿಲ್ಲಲ್ರಿ?"

ಆ ಪ್ರಶ್ನೆಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಒಪ್ಪಿಗೆ ಪತ್ರದ ಉಳಿದರ್ಧ ವಾಕ್ಯವನ್ನು ಆಗ ಹೇಳಬೇಕಾಗಿತ್ತು. ಹೇಳಿದರೆ ಆಕೆ ಬಾಯಿ ಮುಚ್ಚುತ್ತಾಳೆ ಎಂದು, ಯಾರಿಗೂ ಹೇಳುವುದಿಲ್ಲ ಎಂಬಂತೆ ತಲೆಯಾಡಿಸಿದೆ.

ಹಿಂದಿನ ವರ್ಷ ಆಕೆಯ ಆರು ವರ್ಷದ ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಾಗ ಜ್ವರದಿಂದ ತೀರಿಕೊಂಡಿದ್ದಳು. ಮಧ್ಯಾಹ್ನ ಫೋನ್ ಬಂದಿತ್ತು, ಜ್ವರ ಇಳಿಯುತ್ತಿಲ್ಲ ಎಂದು. ಸಂಜೆಯ ಬಸ್ಸಿಗೆ ಹೊರಡೋಣ ಎಂದಳು. ಮರುದಿನ ಸ್ಲ್ಯಾಬ್ ಹಾಕುವುದಿದೆ, ಮುಗಿಸಿ ಹೋಗೋಣ ಎಂದ ಗಂಡ. ಈಕೆ ಹೂಂ ಎಂದಳು. ಮರುದಿನ ಹೊರಟು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

"ತಲಿ ಸುಮ್ಮ ಕೂಡಂಗಿಲ್ರಿ ನಂದು," ಎಂದಳು. "ಟೈಲ್ಸ್ ಎಣಿಸೋತನ ಚಲೋ ಇರ್ತದ. ಅದು ಮುಗೀತು ಅಂದ್ರ ಆ ಬಸ್ಸ ಎಣಸ್ತದ. ಸಂಜಿ ಬಸ್ಸ ಹಿಡದಿದ್ರ ಸೋಲಾಪುರ ಎಷ್ಟಕ್ಕ, ಕಲಬುರಗಿ ಎಷ್ಟಕ್ಕ, ಅಲ್ಲಿಂದ ಕೂಸಿನ್ನ ದವಾಖಾನಿಗೆ ಒಯ್ಲಿಕ್ಕೆ ಎಷ್ಟೊತ್ತು. ಹೆಂಗ ಎಣಿಸಿದ್ರೂ ಮುಟ್ಟತಿದ್ದೆ ಅಕ್ಕೋರ. ಕೂಸು ಇರತಿತ್ತು. ಒಂದೊಂದ್ ಸಲ ಬಸ್ಸ ಎರಡ ತಾಸು ತಡಾ ಆಯ್ತು ಅಂತ ಹಿಡೀತೀನಿ, ಆಗೂ ಮುಟ್ಟತೀನಿ. ನನ್ನ ಗಂಡಗ ಇದೆಲ್ಲಾ ಇಲ್ರಿ. ಅಂವ ಅತ್ತಾ, ಸುಮ್ಮನಾದ. ನನಗ ಅಳೂನೂ ಬರವಲ್ದು."

ನಾಲ್ಕು ವಾರ ಇದನ್ನೇ ಕೇಳುತ್ತ ಬಂದ ನನಗೆ ಅಂದು ಮೊದಲ ಸಲ ತಿಳಿದದ್ದು, ಬುದ್ಧಿ ಆಕೆಯನ್ನು ಕಾಪಾಡುತ್ತಿರಲಿಲ್ಲ ಎಂಬುದು. ಚಿಂತೆಯ ಸ್ವಭಾವಕ್ಕೆ ಅದು ಬೀಸುವ ಕಲ್ಲಾಗಿತ್ತು. ನನ್ನಂಥ ಮಂದಬುದ್ಧಿಯ ಚಿಂತೆಗಾರ್ತಿ ಗ್ಯಾಸಿನವರೆಗೆ ಹೋಗಿ ತಿರುಗಿ ಬರುತ್ತಾಳೆ. ಆಕೆಯ ತಲೆ ಎಲ್ಲ ದಾರಿಗಳನ್ನೂ ಕೊನೆಯವರೆಗೆ ಹೋಗಿ ನೋಡಿ ಬರುತ್ತಿತ್ತು.

"ಕೆಳಗ ಕೆಲಸ ಕೊಟ್ರ ಮಾಡಂಗಿಲ್ಲೇನು?" ಎಂದು ಕೇಳಿದೆ.

"ಕೆಳಗ ಬ್ಯಾಡ್ರಿ. ಮ್ಯಾಲೇ ಇರ್ಲಿ." ನನ್ನ ಮುಖ ನೋಡದೆ ಹೇಳಿದಳು. "ಊರಿಗೆ ಕಳಸ್ತಾರ ಅಂತ ಅಷ್ಟ ಅಲ್ಲ. ಮ್ಯಾಲಿದ್ರ ಬೇಕಾದಾಗ ಆಗ್ತದ ಅಂತ ಒಂದು ಸಮಾಧಾನ ಇರ್ತದ. ಅದಾ ನಿಮ್ಮ ಒಂಬತ್ತನೇದು."

ಆ ಬಾತ್ರೂಮಿನ ಕಿಟಕಿಗೆ ಇನ್ನೂ ಚೌಕಟ್ಟು ಕೂರಿಸಿರಲಿಲ್ಲ. ಊಟಕ್ಕೆ ಬಾ ಎಂದು ಕೈ ಹಿಡಿದೇ ಕೆಳಗೆ ಕರೆತಂದೆ, ಆಕೆ ಗಂಡನ ಪಕ್ಕ ಕೂತು ರೊಟ್ಟಿ ಮುರಿಯುವವರೆಗೂ ನಿಂತೆ. ಆಮೇಲೆ ಗೇಟಿನ ಹೊರಗೆ ಬಂದು, ಚಹಾದ ಗಾಡಿಯ ಹತ್ತಿರ ಅರ್ಧ ಗಂಟೆ ಫೋನು ಹಿಡಿದುಕೊಂಡು ನಿಂತಿದ್ದೆ. ಹೇಳಿದರೆ ಆಕೆ ಹೆದರಿದ್ದೇ ಆಗುತ್ತದೆ, ಆಕೆಯನ್ನು ಬಸ್ಸು ಹತ್ತಿಸುತ್ತಾರೆ, ಆ ಊರಿಗೆ, ಆ ಮನೆಗೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಏಳನೆಯ ಮಜಲು. ನಂಬಿ ಹೇಳಿದವಳ ಮಾತು ಮುರಿಯಲು ನನಗೆ ಮನಸ್ಸಿರಲಿಲ್ಲ. ಆದರೆ ನಾಳೆ ಬೆಳಿಗ್ಗೆ ಆ ಕಿಟಕಿಯ ಪಕ್ಕ ಆಕೆ ಒಬ್ಬಳೇ ಕೂತಿರುತ್ತಾಳೆ. ಮೊದಲು ಡಾಕ್ಟರಿಗೆ, ಆಮೇಲೆ ಪ್ರಾಧ್ಯಾಪಕಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

ಡಾಕ್ಟರು ಅವತ್ತೇ ಸಂಜೆ ಬಂದರು. ಒಳ್ಳೆಯ ಮನುಷ್ಯ. ಗಂಡನನ್ನೂ ಕೂರಿಸಿ ಒಂದು ತಾಸು ಮಾತಾಡಿದರು, ಕನ್ನಡಕ್ಕೂ ಹಿಂದಿಗೂ ನಡುವೆ ನಾನು. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು, ಗುಳಿಗೆ ತೆಗೆದುಕೊಂಡಳು. ಎತ್ತರದ ಕೆಲಸ ಬೇಡ ಎಂಬ ಸಾಲು ಬರೆಯಬೇಡಿ ಎಂದು ಡಾಕ್ಟರನ್ನು ಕೇಳಿಕೊಂಡೆ. "ಅದನ್ನೇ ಬರೆಯಬೇಕಾದದ್ದು," ಎಂದರು. ಅವರ ಮಾತು ಸರಿಯಾಗಿಯೇ ಇತ್ತು.

ಮುಕಾದಮನ ಹತ್ತಿರ ನಾನೇ ಹೋದೆ. ಅವನೂ ಕಲಬುರಗಿ ಕಡೆಯವನೇ, ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ತಾನು ನಿಂತು ಮಾತಾಡಿದ. ಕೆಳಗೆ ಟೈಲ್ಸ್ ಕತ್ತರಿಸುವ ಕೆಲಸ ಕೊಡು, ಆಕೆಯಷ್ಟು ಚೆನ್ನಾಗಿ ಯಾರೂ ಮಾಡಲಾರರು ಎಂದೆ. ಆಯ್ತ್ರಿ ಅಂದ. ಹತ್ತು ದಿನ ಮಾತು ಉಳಿಸಿಕೊಂಡ. ಹನ್ನೊಂದನೆಯ ದಿನ ನಾನು ಹೋದಾಗ ಗಂಡ ಹೆಂಡತಿ ಇಬ್ಬರೂ ಗಂಟು ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದರು.

"ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ ಅಕ್ಕೋರ," ಎಂದ ಮುಕಾದಮ. "ನಾಳೆ ಏನರ ಹೆಚ್ಚುಕಡಿಮಿ ಆದ್ರ ನನ್ನ ಕೊಳ್ಳಿಗೆ ಬರ್ತದ. ನಿಮ್ಮ ಡಾಕ್ಟರ್ ಕಾಗದಾ ಬರದಾರ, ಗೊತ್ತಿರಲಿಲ್ಲ ಅಂತ ನಾ ಹೇಳಂಗೂ ಇಲ್ಲ."

ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯ ವಿಳಾಸ, ಡಾಕ್ಟರರ ಪತ್ರ, ಒಂದು ತಿಂಗಳ ಗುಳಿಗೆ ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಆಕೆಯ ಗಂಡನ ಕೈಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಕೆ ನನ್ನನ್ನು ನೋಡಿದಳು. ಸಿಟ್ಟು ಇದ್ದಿದ್ದರೆ ಹಗುರಾಗುತ್ತಿದ್ದೆ.

"ನಿಮ್ಮಲ್ಲೇ ಇರ್ತದ ಅಂದಿದ್ರಿ," ಎಂದಳು.

ಜೀವಕ್ಕೆ ಅಪಾಯ ಇದ್ದರೆ ಹೇಳಲೇಬೇಕಿತ್ತು ಎಂದೆ. ಅದನ್ನು ಮೊದಲೇ ಹೇಳಬೇಕಿತ್ತು ಎಂದು ಆಕೆ ಅನ್ನಲಿಲ್ಲ, ರಿಕ್ಷಾ ಹತ್ತಿ ಕೂತಳು. ಅವತ್ತು ಶೆಡ್ಡಿಗೆ ಹೋಗದೆ ಮನೆಗೆ ಬಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಆಮೇಲಿನದು ಕಾಗದದ ಕೆಲಸ. ಪಾಠ ಮಾಡಿ ಕಲಿತ ಉತ್ತರಗಳನ್ನೆಲ್ಲ ಅಧ್ಯಯನದಿಂದ ತೆಗೆಯಬೇಕೆಂದು ಪಟ್ಟು ಹಿಡಿದೆ. ಹೇಳಿಸಿಕೊಂಡು ನೆನಪಿಟ್ಟುಕೊಳ್ಳುವುದರಲ್ಲೂ ಜಾಣರೇ ಮುಂದು. ಹಾಗಾಗಿ ಬುದ್ಧಿ ಹೆಚ್ಚಿದ್ದಷ್ಟೂ ಸಂಕಟ ಕಡಿಮೆ ಎಂದು ಗ್ರಾಫಿನಲ್ಲಿ ಸುಂದರ ಗೆರೆ ಬಂದಿತ್ತು, ಆ ಗೆರೆ ಸುಳ್ಳು ಎಂದೆ. ಪ್ರಾಧ್ಯಾಪಕಿ ಎರಡು ದಿನ ಹಾಳೆಗಳನ್ನೆಲ್ಲ ಮತ್ತೆ ತಿರುವಿ ನೋಡಿದರು. ಮೂರನೆಯ ದಿನ ಒಪ್ಪಿದರು, ಚೀಟಿಯನ್ನು ಮುಕಾದಮನ ಕೈಗೆ ತಲುಪದಂತೆ ನೇರ ಆಸ್ಪತ್ರೆಗೇ ಕಳಿಸುವ ವ್ಯವಸ್ಥೆಯನ್ನೂ ಮಾಡಿದರು. ನಾನು ಒಪ್ಪಿಗೆ ಪತ್ರದ ಆ ವಾಕ್ಯವನ್ನು ಎರಡು ಸಲ ಓದತೊಡಗಿದೆ. 'ಆದರೆ' ಕೇಳಿದ ಮೇಲೆ ಕೆಲವರು ಎದ್ದು ಹೋಗುತ್ತಿದ್ದರು. ಹೋಗಲಿ ಎಂದು ಬಿಟ್ಟೆ.

ಆರು ತಿಂಗಳಾದ ಮೇಲೆ ಎಲ್ಲರನ್ನೂ ಮತ್ತೊಮ್ಮೆ ಕೇಳಬೇಕೆಂಬುದು ಮೊದಲೇ ನಿಗದಿಯಾಗಿತ್ತು. ಜಾಗ ಬಿಟ್ಟವರನ್ನು ಫೋನಿನಲ್ಲಿ ಕೇಳಬೇಕು. ಆ ನಡುವೆ ಗಂಡನ ನಂಬರಿಗೆ ನಾಲ್ಕೈದು ಸಲ ಫೋನ್ ಮಾಡಿದ್ದೆ. ಚಲೋ ಅದಾಳ್ರಿ ಎನ್ನುತ್ತಿದ್ದ, ಗುಳಿಗೆಯ ಬಗ್ಗೆ ಕೇಳಿದರೆ ಮುಗಿದಾವ್ರಿ ಎನ್ನುತ್ತಿದ್ದ. ಆಸ್ಪತ್ರೆಗೆ ಹೋಗಿ ಎಂದರೆ ಹೂಂ ಎನ್ನುತ್ತಿದ್ದ. ಆಕೆ ಎಂದೂ ಫೋನಿಗೆ ಬರಲಿಲ್ಲ. ಈ ಸಲ ಬಂದಳು.

ಒಪ್ಪಿಗೆಯ ಮಾತನ್ನು ಪೂರ್ತಿ ಹೇಳಿದೆ, ಅಪಾಯ ಇದ್ದರೆ ಡಾಕ್ಟರಿಗೆ ಹೇಳುತ್ತೇನೆ ಎಂಬುದನ್ನೂ ಬಿಡಲಿಲ್ಲ. "ಗೊತ್ತದ್ರಿ, ಕೇಳ್ರಿ," ಎಂದಳು. ಹಿಂದೆ ಎಲ್ಲೋ ಮೇಕೆ ಕೂಗುತ್ತಿತ್ತು. ಮೊದಲನೆಯದು ಕೇಳಿದೆ, ಇಲ್ರಿ. ಎರಡನೆಯದು, ಇಲ್ರಿ. ಮೂರು, ಇಲ್ರಿ. ನಾಲ್ಕನೆಯದಕ್ಕೆ, "ಒಮ್ಮೊಮ್ಮೆ." ದನಿಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಐದು, ಆರು, ಏಳು, ಎಂಟು. ಎಂಟನ್ನು ಬರೆದುಕೊಂಡು, ಮುಂದಿನದಕ್ಕೆ ಬಾಯಿ ತೆರೆಯುವ ಮೊದಲು ಧೈರ್ಯ ಬೇಕಾಗಿ ಒಂದು ಕ್ಷಣ ನಿಂತೆ.

"ಅದಕ್ಕೂ ಇಲ್ಲ ಅಂತ ಬರಕೋರಿ ಅಕ್ಕೋರ," ಎಂದಳು.

ಒಂಬತ್ತನೆಯ ಪ್ರಶ್ನೆಯನ್ನು ನಾನು ಇನ್ನೂ ಓದಿರಲಿಲ್ಲ.